ಲೋಟ ತೊಳೆಯಬಾರದು

ನಮ್ಮ ಅಂಗಳದ ನಲ್ಲಿಯ ಮೇಲೆ, ಸರಿಯಾಗಿ ಕಣ್ಣಿನ ಮಟ್ಟಕ್ಕೆ, ಒಂದು ತಗಡಿನ ಬೋರ್ಡಿದೆ. ಅದರಲ್ಲಿ ಎರಡೇ ಸಾಲು: "ಲೋಟ ತೊಳೆಯಬಾರದು. ತೊಳೆಯುವುದು ಮಾಲೀಕರ ಕೆಲಸ." ಅಪ್ಪ ಬರೆದದ್ದು. ಕರೆಂಟು ಕಂಬಕ್ಕೆ ನಂಬರು ಹಾಕುವ ಕಪ್ಪು ಬಣ್ಣದಲ್ಲಿ, ಅದೇ ಕುಂಚದಲ್ಲಿ ಬರೆದದ್ದರಿಂದ ಅಕ್ಷರಗಳೂ ಕಂಬದಷ್ಟೇ ನೆಟ್ಟಗಿವೆ. ಬೆಂಗಳೂರಿನಿಂದ ನಮ್ಮಲ್ಲಿ ತಂಗಲು ಬಂದ ದಂಪತಿಗಳು ಅದನ್ನು ನೀರು ಉಳಿಸುವ ಸಂದೇಶವೆಂದು ತಿಳಿದು ಮೆಚ್ಚಿ ಫೋಟೊ ತೆಗೆದುಕೊಂಡರು. ಇನ್ನೊಬ್ಬರು ಪಾಪ, "ಮೇಡಂ, ಹಾಗಾದ್ರೆ ಕೈ ತೊಳ್ಕೋಬಹುದಾ?" ಎಂದು ಕೇಳಿದರು. ನಮ್ಮ ಜನ ಮಾತ್ರ ಓದಿದವರೇ ಒಂದು ಗಳಿಗೆ ನಿಲ್ಲುತ್ತಾರೆ, ಆಮೇಲೆ ಕೈಯಲ್ಲಿದ್ದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಸುತ್ತಮುತ್ತ ನೋಡುತ್ತಾರೆ.

ನಾವು ದಲಿತರು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳದೆ ಬಿಡುವವರು ಕಡಿಮೆ.

ಹೋದ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ಮೊಬೈಲಿನಲ್ಲಿ ರೂಮು ಬುಕ್ ಮಾಡಿಸುವ ಕಂಪನಿಯೊಂದರ ಮ್ಯಾನೇಜರಂತೆ. ನಮ್ಮ ನಾಲ್ಕು ಕೋಣೆಗಳನ್ನು ಅವರ ಪಟ್ಟಿಗೆ ಸೇರಿಸಿಕೊಳ್ಳಲು ತಯಾರು, ಆದರೆ ಎರಡು ಕೆಲಸ ಆಗಬೇಕು ಎಂದಳು. ಒಂದು, ಈ ಮನೆಯ ಇತಿಹಾಸವನ್ನು ಹತ್ತು ಸಾಲಿನಲ್ಲಿ ಬರೆದು ಕಳಿಸಬೇಕು. ಎರಡು, ಯಾರೋ ಹಾಕಿದ ಫೋಟೊದಲ್ಲಿ ಕಂಡ ಆ ಬೋರ್ಡನ್ನು ತೆಗೆಯಬೇಕು.

"ಬೋರ್ಡು ತೆಗೆದ ಮೇಲೆ ಇತಿಹಾಸ ಎಲ್ಲಿಂದ ಬರೀಲಿ?" ಎಂದೆ.

"ಮ್ಯಾಮ್, ಅದು ನೆಗೆಟಿವ್ ಫೀಲ್ ಕೊಡುತ್ತೆ. ಗೆಸ್ಟ್‌ಗಳಿಗೆ ರೂಲ್ಸ್ ಇಷ್ಟ ಆಗಲ್ಲ. ನಾನೇ ಬಂದು ಮಾತಾಡ್ತೀನಿ ಬಿಡಿ," ಎಂದಳು.

ಬರಲಿ ಎಂದುಕೊಂಡೆ. ಕೋಣೆಗಳು ಖಾಲಿ ಬಿದ್ದು ತಿಂಗಳುಗಳಾಗಿದ್ದವು, ಸುಳ್ಳು ಯಾಕೆ ಹೇಳಲಿ. ಒಂದೆರಡು ದಿನ ಆ ಬೋರ್ಡಿನ ಮುಂದೆ ನಿಂತು, ಒಳಗಿನ ಗೋಡೆಗೆ ಹಾಕಿದರೆ ಹೇಗೆ ಎಂದು ಯೋಚಿಸಿದ್ದೂ ನಿಜ. ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಹತ್ತು ಸಾಲಿನಲ್ಲಿ ಹೇಳುವ ಕಥೆಯಲ್ಲ ಇದು. ನಾನು ಒಂಬತ್ತು ವರ್ಷದವಳಿದ್ದಾಗಿನಿಂದ ಹೇಳಬೇಕು.

ಅಪ್ಪ ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದ. ಶಿಕಾರಿಪುರದ ಸುತ್ತಿನ ಹಳ್ಳಿಗಳಲ್ಲಿ ಅವನು ಹತ್ತದ ಕಂಬವಿಲ್ಲ. ಕರೆಂಟು ಹೋದಾಗ "ಬರ್ರಿ ಬರ್ರಿ" ಎಂದು ಓಡಿ ಬಂದು ಕರೆಯುವವರೇ, ಕರೆಂಟು ಬಂದ ಮೇಲೆ ನೀರನ್ನು ಮೇಲಿನಿಂದ ಅವನ ಬೊಗಸೆಗೆ ಸುರಿಯುತ್ತಿದ್ದರು. ಚಹಾದಂಗಡಿಗಳಲ್ಲಿ ಅವನಿಗೆ ಬೇರೆ ಲೋಟ. ಕುಡಿದವನು ತಾನೇ ತೊಳೆದು, ಹೊರಗಿನ ಕಟ್ಟೆಯ ಮೇಲೆ ಬೋರಲು ಹಾಕಬೇಕು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಮ್ಮ ಕೇರಿಯ ಮಕ್ಕಳು ನಡೆಯಲು ಕಲಿತ ಮೇಲೆ ಕಲಿಯುತ್ತಿದ್ದ ಮೊದಲ ಕೆಲಸವೇ ಅದು.

ಒಂದು ವರ್ಷ ಅಪ್ಪನಿಗೆ ರಜೆ ಸಿಕ್ಕಿತು. ಸಂಬಳ ಸಹಿತ ರಜೆ. ನಮ್ಮ ಕೇರಿಗೆ ಅದು ಹೊಸ ಸುದ್ದಿ. ನಮ್ಮಲ್ಲಿ ರಜೆ ಎಂದರೆ ಕೂಲಿ ಸಿಗದ ದಿನ, ಅಷ್ಟೇ ಅರ್ಥ. ರಜೆ ಬಂತೆಂದರೆ ಒಲೆ ತಣ್ಣಗಾಯಿತೆಂದು ಲೆಕ್ಕ. ಅಂಥದ್ದರಲ್ಲಿ ಅಪ್ಪ ರಜೆ ತಗೊಂಡು, ಹೆಂಡತಿ ಮಗಳನ್ನು ಕರೆದುಕೊಂಡು ಘಟ್ಟದ ಮೇಲಿನ ತಂಪು ಊರೊಂದಕ್ಕೆ ಬಸ್ಸು ಹತ್ತಿದ. ಅಲ್ಲಿಗೆ ಹೋಗಿ ಏನು ಮಾಡುತ್ತೀಯೆಂದು ನೆಂಟರು ಕೇಳಿದ್ದಕ್ಕೆ, "ಏನೂ ಮಾಡಲ್ಲ. ಅದಕ್ಕೇ ಹೋಗೋದು," ಎಂದನಂತೆ.

ಆ ಊರಿನಲ್ಲಿ ಮನೆಯ ಮಹಡಿಯನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಒಬ್ಬ ಯಜಮಾನರಿದ್ದರು. ಬಾಗಿಲಲ್ಲೇ ಕೇಳಿದರು, "ಏನು ಜನ ನೀವು?"

ಅಪ್ಪ ಸುಳ್ಳು ಹೇಳಿದ. ಯಾವ ಜನ ಎಂದು ಹೇಳಿದನೋ ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಆ ಜನ ಬೇಸರ ಮಾಡಿಕೊಂಡಾರು. ಬಾಗಿಲು ತೆರೆಯಿತು. ಕಿಟಕಿಯಿಂದ ಗುಡ್ಡ ಕಾಣುವ ಕೋಣೆ, ಮೆತ್ತನೆ ಹಾಸಿಗೆ. ನಾನು ಹಾಸಿಗೆಯ ಮೇಲೆ ಹಾರಿದ್ದು, ಅವ್ವ ಗದರಿದ್ದು, ಅಪ್ಪ "ಹಾರ್ಲಿ ಬಿಡೆ" ಎಂದದ್ದು ಎಲ್ಲ ನೆನಪಿದೆ. ಆ ಮನೆಯವರು ಸ್ಟೀಲ್ ಲೋಟಗಳಲ್ಲಿ ಕಾಫಿ ತಂದುಕೊಟ್ಟರು. ಜಗಲಿಯಲ್ಲಿ ಕೂತು ಕುಡಿದೆವು. ಯಜಮಾನರು ಅಪ್ಪನ ಜೊತೆ ಮಳೆ, ಅಡಿಕೆ ಧಾರಣೆ ಅಂತ ಸಲೀಸಾಗಿ ಮಾತಾಡುತ್ತಿದ್ದರು.

ಅಷ್ಟರಲ್ಲಿ ಅವ್ವ ಎದ್ದಳು. ಮೂರೂ ಲೋಟಗಳನ್ನು ಎತ್ತಿಕೊಂಡು ಅಂಗಳದ ನಲ್ಲಿಗೆ ಹೋದಳು. ಒಂದೊಂದನ್ನೂ ಮೂರು ಸಲ ಜಾಲಿಸಿ, ಹೊರಗಿನ ಗೋಡೆಕಟ್ಟೆಯ ಮೇಲೆ, ಅವರ ಪಾತ್ರೆಗಳಿಂದ ದೂರಕ್ಕೆ, ಸಾಲಾಗಿ ಬೋರಲು ಹಾಕಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು ತಿರುಗಿದಾಗ ಯಜಮಾನರು ಆ ಲೋಟಗಳನ್ನೇ ನೋಡುತ್ತಿದ್ದರು.

ಅವರು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಮಹಡಿಯ ರೂಮು ಬೇರೆಯವರಿಗೆ ಮಾತಾಗಿದ್ದು ಮರೆತೇ ಹೋಗಿತ್ತು ಎಂದರು. ಬಸ್ಸಿನ ಹೊತ್ತನ್ನೂ ತಾವೇ ಹೇಳಿದರು. ನಾವು ಮಧ್ಯಾಹ್ನದ ಬಸ್ಸಿಗೆ ವಾಪಸು ಹೊರಟೆವು. ಕಟ್ಟೆಯ ಮೇಲಿನ ಆ ಮೂರು ಲೋಟಗಳನ್ನು ಅವರು ಮತ್ತೆ ಒಳಗೆ ತಗೊಂಡರೋ ಎಸೆದರೋ, ಇವತ್ತಿಗೂ ನನಗೆ ತಿಳಿಯುವ ಆಸೆ.

ಬಸ್ಸಿನಲ್ಲಿ ಅವ್ವ ತನ್ನ ಬಲಗೈಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು. "ನನ್ನ ಕೈಯಿಂದ ಹಾಳಾತು," ಎಂದು ಒಂದೇ ಮಾತನ್ನು ಹೇಳುತ್ತಿದ್ದಳು. ಶಿಕಾರಿಪುರದಲ್ಲಿ ಇಳಿದ ಮೇಲೆ ಅಪ್ಪನ ಜೊತೆಯ ಲೈನ್‌ಮನ್ ಒಬ್ಬ ವಿಷಯ ಕೇಳಿ, "ಫ್ಯೂಸ್ ಕಿತ್ಕೊಂಡು ಬರೋದಲ್ವೇನೋ!" ಎಂದ. "ಅವ್ರ ಲೈನು ನನ್ನ ಸೆಕ್ಷನ್ನಿಗೆ ಬರಲ್ವಲ್ಲೋ," ಎಂದು ಅಪ್ಪ ನಕ್ಕ. ಆಮೇಲೆ ನಗು ನಿಲ್ಲಿಸಿ, "ನಾನೇ ಒಂದು ಕಟ್ತೀನಿ," ಎಂದ.

ಶಿಕಾರಿಪುರ ತಾಲ್ಲೂಕು ಮುಗಿದು ಸೊರಬ ತಾಲ್ಲೂಕು ಶುರುವಾಗುವ ಕಡೆ ನಮಗೊಂದು ಕಲ್ಲುಗುಡ್ಡವಿತ್ತು. ಅಜ್ಜನಿಗೆ ಸರ್ಕಾರದಿಂದ ದರಖಾಸ್ತಿನಲ್ಲಿ ಸಿಕ್ಕಿದ್ದ ಎರಡು ಎಕರೆ. ಬೆಳೆ ಬರುವ ನೆಲವಾಗಿದ್ದರೆ ಅಜ್ಜನಿಗೆ ಸಿಗುತ್ತಲೇ ಇರಲಿಲ್ಲ. ಹುಲ್ಲು ಕೂಡ ಬೇಸರದಿಂದ ಬೆಳೆಯುವ ಜಾಗ. ಆದರೆ ತುದಿಯಲ್ಲಿ ನಿಂತರೆ ಎರಡೂ ತಾಲ್ಲೂಕುಗಳ ಕೆರೆಗಳು ಕಾಣುತ್ತವೆ, ಬೇಸಿಗೆಯಲ್ಲೂ ಗಾಳಿ ಬೀಸುತ್ತದೆ. ಅಲ್ಲಿ ಅಪ್ಪ ನಾಲ್ಕು ಕೋಣೆ, ಒಂದು ಉದ್ದನೆಯ ಜಗಲಿ ಕಟ್ಟಲು ಹೊರಟ. ಯಾರಿಗೆ? ನಮ್ಮ ಜನಕ್ಕೆ. ನರ್ಸುಗಳಿಗೆ, ಮಾಸ್ತರರಿಗೆ, ಕಂಡಕ್ಟರುಗಳಿಗೆ, ಅಂಚೆಯವರಿಗೆ. ಸಂಬಳವೂ ಇದ್ದು ರಜೆಯೂ ಇದ್ದು, "ಏನು ಜನ" ಎಂದು ಕೇಳದ ಬಾಗಿಲು ಮಾತ್ರ ಇಲ್ಲದವರಿಗೆ.

ಊರಿನವರು ನಕ್ಕರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ" ಎಂದರು. ನಮ್ಮ ಕೇರಿಯವರೂ ಅದನ್ನೇ ಅಂದರು, ಅದು ಅಪ್ಪನಿಗೆ ಹೆಚ್ಚು ನಾಟಿತು. ಶಾಲೆ ಕಟ್ಟು, ಗುಡಿ ಕಟ್ಟು, ಸಮುದಾಯ ಭವನ ಕಟ್ಟು, ಅದು ಬಿಟ್ಟು ಸುಮ್ಮನೆ ಕೂರಲಿಕ್ಕೆ ಯಾರಾದರೂ ಮನೆ ಕಟ್ಟುತ್ತಾರೆಯೇ ಎಂದು ಹಿರಿಯರು ಬೈದರು. ಅಪ್ಪ ಹೇಳಿದ ಮಾತು ನನಗೆ ಬಾಯಿಪಾಠ: "ಕೈ ಕೆಸರಾದ್ರೆ ಬಾಯಿ ಮೊಸರು ಅಂತೀರಿ. ನಮ್ಮ ಕೈ ಕೆಸರಾಗಿ ಎಷ್ಟು ತಲೆಮಾರಾತು? ಮೊಸರು ಯಾರ ಬಾಯಿಗೆ ಹೋತು? ಹಿಟ್ಟು ಹೆಂಗೋ ಆಗೈತೆ. ಇನ್ನು ಮಲ್ಲಿಗೆ ಮುಡಿಯೋದೇ ಸೈ."

ಗೋಡೆ ಎಬ್ಬಿಸಿದವನು ಈಸೂರಿನ ಕಡೆಯ ಒಬ್ಬ ಮೇಸ್ತ್ರಿ. ಕಲ್ಲು ಸಾಗಿಸುವ ದಾರಿಗೆ ಕೆಳಗಿನ ಜಮೀನಿನವರು ಬೇಲಿ ಹಾಕಿದಾಗ ಅಪ್ಪನಿಗೆ ಕೈಚೆಲ್ಲಿ ಕೂರುವಂತಾಯಿತು. ಮೇಸ್ತ್ರಿ ಮಾತ್ರ, "ಏಸೂರು ಕೊಟ್ರೂ ಈಸೂರು ಕೊಡಲ್ಲ ಅಂದೋರ ಊರು ರೀ ನಂದು. ಒಂದು ಬೇಲಿಗೆ ಹೆದ್ರಿದ್ರೆ ಊರಿಗೆ ಹೋಗಿ ಮುಖ ತೋರ್ಸಾಕಾಗತ್ತಾ?" ಎಂದು ಗುಡ್ಡದ ಇನ್ನೊಂದು ಮಗ್ಗುಲಿಂದ ತಲೆಹೊರೆಯಲ್ಲೇ ಕಲ್ಲು ಏರಿಸಿದ. ನಾವೂ ಹೊತ್ತೆವು. ಅವ್ವ ಎಲ್ಲರಿಗಿಂತ ಹೆಚ್ಚು ಹೊತ್ತಳು.

ಮನೆ ಮುಗಿದ ದಿನ ಅಪ್ಪ ಶಿರಾಳಕೊಪ್ಪದ ಸಂತೆಯಿಂದ ಸ್ಟೀಲ್ ಲೋಟಗಳನ್ನು ಗೋಣಿಚೀಲದಲ್ಲಿ ತಂದ. ಯಾವ ಹೆಸರನ್ನೂ ಕೆತ್ತಿಸಲಿಲ್ಲ. ಅದೇ ಸಂಜೆ ಬೋರ್ಡು ಬರೆದ. ಮನೆಗೆ ಇಟ್ಟ ಹೆಸರು 'ರಜಾಮನೆ'. ಆದರೆ ಆ ಹೆಸರಿಗೆ ಬೋರ್ಡು ಬರೆಸಲೇ ಇಲ್ಲ. ಈ ಮನೆಯಲ್ಲಿ ಬರೆದು ತೂಗುಹಾಕಿದ್ದು ಲೋಟದ ಮಾತೊಂದೇ.

ಮೊದಲ ಅತಿಥಿ ಹಾವೇರಿ ಕಡೆಯ ಒಬ್ಬ ನರ್ಸಮ್ಮ, ಜೊತೆಗೆ ಅವರ ಗಂಡ. ಮೊದಲ ದಿನ ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಆ ತಾಯಿ ಜಗಲಿ ಗುಡಿಸಿ, ಹಾಸಿಗೆ ಮಡಚಿ, ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏನಾರ ಹೆಚ್ಚಿ ಕೊಡ್ಲೇನ್ರೀ ಅಕ್ಕಾರ?" ಎನ್ನುತ್ತಿದ್ದರು. ಏನೂ ಮಾಡಬೇಡಿ ಎಂದರೆ, "ಮತ್ತ ಏನ್ ಮಾಡ್ಲಿ?" ಎಂದು ನಿಜವಾಗಿಯೂ ಕಂಗಾಲಾದರು. ಮೂರನೆಯ ದಿನ ಊಟ ಮಾಡಿ, ಗುಡ್ಡದಲ್ಲಿದ್ದ ಒಂದೇ ಮಾವಿನ ಮರದ ಕೆಳಗೆ ಚಾಪೆ ಹಾಸಿ ಗೊರಕೆ ಹೊಡೆದರು. ಅಪ್ಪ ಆ ಗೊರಕೆಯನ್ನು ಕೇಳಲು ನನ್ನನ್ನು ಕರೆದ. "ಕೇಳು, ಕೇಳು. ಇದಕ್ಕೇ ಕಟ್ಟಿದ್ದು," ಎಂದ.

ಆಮೇಲೆ ಬಂದರು. ಬಾಯಿಂದ ಬಾಯಿಗೆ ಹಬ್ಬಿ ಬಂದರು. ಅಂಜನಾಪುರದ ಅಣೆಕಟ್ಟು ನೋಡಿಕೊಂಡು, ಸಂತೆಯಲ್ಲಿ ಮೀನು ಕೊಂಡುಕೊಂಡು ಗುಡ್ಡ ಹತ್ತಿ ಬರುತ್ತಿದ್ದರು. ಏನು ಅಡುಗೆ ಮಾಡಬಹುದು, ಏನು ಮಾಡಬಾರದು ಎಂದು ಪಿಸುಮಾತಿನಲ್ಲಿ ಕೇಳುತ್ತಿದ್ದರು. "ಏನು ಬೇಕಾದ್ರೂ ಮಾಡ್ರಿ, ಜೋರಾಗಿ ಮಾತಾಡ್ರಿ ಅಷ್ಟೇ," ಎನ್ನುತ್ತಿದ್ದ ಅಪ್ಪ.

ಒಮ್ಮೆ ಧಾರವಾಡ ಕಡೆಯ ಕಾಲೇಜು ಮೇಷ್ಟ್ರೊಬ್ಬರು ಬಂದರು. ಅವರು ಅಪ್ಪನಿಗೆ ಒಂದು ಚಿತ್ರ ತೋರಿಸಿದರು. ಅಮೆರಿಕದ ಬೆಟ್ಟವೊಂದರ ಮೇಲಿನ ಮರದ ಲಾಡ್ಜು, ಅದರ ಜಗಲಿಯಲ್ಲಿ ಟೋಪಿ ಹಾಕಿಕೊಂಡು ಕೂತ ಕರಿಯ ಜನ. ಅಲ್ಲಿನ ಬಿಳಿಯರ ಲಾಡ್ಜುಗಳಲ್ಲಿ ಅವರಿಗೆ ರೂಮು ಕೊಡುತ್ತಿರಲಿಲ್ಲ, ಅದಕ್ಕೆ ಬೇಸಿಗೆ ಕಳೆಯಲು ತಮ್ಮದೇ ಕಟ್ಟಿಕೊಂಡರು ಎಂದು ವಿವರಿಸಿದರು. ಅಪ್ಪ ಆ ಚಿತ್ರವನ್ನು ಎಷ್ಟೋ ಹೊತ್ತು ನೋಡಿದ.

"ಅವ್ರೂ ಲೋಟ ತೊಳೀತಿದ್ರಾ ಸಾರ್?" ಎಂದು ಕೇಳಿದ.

ಮೇಷ್ಟ್ರಿಗೆ ನಗು ಬಂತು, ಆಮೇಲೆ ಕಣ್ಣು ತುಂಬಿತು. "ಬೇರೆ ನಲ್ಲಿ ಇತ್ತಂತ್ರೀ," ಎಂದರು.

"ಹೆಂಗ್ ಕುಂತಾರೆ ನೋಡ್ರಿ. ಬೆನ್ನು ಹಿಂದಕ್ಕೆ ಒರಗೈತೆ. ನಮ್ಮೋರು ಕುರ್ಚಿ ಅಂಚಿನಾಗೆ ಕುಂದ್ರುತಾರೆ, ಯಾರೋ ಎಬ್ಸಾಕೆ ಬಂದಂಗೆ." ಮರುವಾರವೇ ಅಪ್ಪ ಶಿರಾಳಕೊಪ್ಪದ ಬಡಗಿಯ ಹತ್ತಿರ ಎಂಟು ಆರಾಮ ಕುರ್ಚಿ ಮಾಡಿಸಿದ. ಬಟ್ಟೆ ಬಿಗಿದ ಕುರ್ಚಿಗಳು. ಅವುಗಳಲ್ಲಿ ನೆಟ್ಟಗೆ ಕೂರಲು ಬರುವುದಿಲ್ಲ. ಕೂತರೆ ಒರಗಲೇಬೇಕು.

ಮೇಷ್ಟ್ರು ಹೊರಡುವಾಗ ಇನ್ನೊಂದು ಮಾತು ಹೇಳಿದ್ದರು. ಕಾನೂನು ಬದಲಾಗಿ ಎಲ್ಲ ಲಾಡ್ಜುಗಳ ಬಾಗಿಲೂ ತೆರೆದ ಮೇಲೆ ಆ ಜನ ಬೇರೆ ಕಡೆಗೂ ಹೋಗತೊಡಗಿ, ಅಂಥ ಎಷ್ಟೋ ಮನೆಗಳು ಖಾಲಿಯಾದವಂತೆ. "ಒಳ್ಳೇದೇ ಆತಲ್ಲ," ಎಂದಿದ್ದ ಅಪ್ಪ. "ನಮ್ದೂ ಹಂಗೆ ಖಾಲಿ ಆಗ್ಲಿ. ಅವತ್ತು ನಾನೇ ಬೋರ್ಡು ಇಳಿಸ್ತೀನಿ."

ಅಪ್ಪ ತೀರಿಕೊಂಡ. ಶಿರಾಳಕೊಪ್ಪದಲ್ಲಿ ಶಿಕ್ಷಕಿಯಾಗಿದ್ದ ನಾನು ಕೆಲಸ ಬಿಟ್ಟು ಅವ್ವನ ಜೊತೆ ಗುಡ್ಡದ ಮೇಲೆ ಉಳಿದೆ. ಕೋಣೆಗಳೂ ಒಂದೊಂದಾಗಿ ಖಾಲಿಯಾದವು. ನರ್ಸಮ್ಮನ ಮಕ್ಕಳು ಈಗ ಗೋವಾಕ್ಕೆ ಹೋಗುತ್ತಾರೆ, ಹೋಗಲಿ, ಸುಖವಾಗಿರಲಿ. ಆದರೆ ಬಾಗಿಲುಗಳೆಲ್ಲ ತೆರೆದವು ಎಂದು ನನಗೆ ಯಾರೂ ಹೇಳಬೇಡಿ. "ಏನು ಜನ" ಎಂದು ಈಗ ಕೇಳುವುದಿಲ್ಲ, ಅಷ್ಟು ನಾಜೂಕು ಬಂದಿದೆ. "ನಿಮ್ಮ ಫುಲ್ ನೇಮ್ ಏನು?" ಎನ್ನುತ್ತಾರೆ. "ಸ್ವಂತ ಊರಲ್ಲಿ ಮನೆ ಯಾವ ಬೀದಿ?" ಎನ್ನುತ್ತಾರೆ. "ವೆಜ್ಜಾ?" ಎಂದು ಕೇಳಿ ಮುಖ ನೋಡುತ್ತಾರೆ. ಬೋರ್ಡು ಇಳಿಸುವ ದಿನ ಬಂದಿದ್ದರೆ ನನಗೆ ಗೊತ್ತಾಗುತ್ತಿತ್ತು.

ಅವ್ವನ ವಿಷಯವನ್ನೂ ಹೇಳಬೇಕು. ಇಷ್ಟು ವರ್ಷ ಈ ಮನೆಯ ಎಲ್ಲ ಲೋಟಗಳನ್ನೂ ತೊಳೆದವಳು ಅವಳೇ. "ಮಾಲೀಕಳ ಕೆಲಸ" ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ತೊಳೆಯುತ್ತಿದ್ದಳು, ಗತ್ತಿನಿಂದಲೇ. ಆದರೆ ಆ ಆರಾಮ ಕುರ್ಚಿಯಲ್ಲಿ ಒಂದು ದಿನವೂ ಕೂರಲಿಲ್ಲ. ಎಲ್ಲರ ಎದುರು ಚಹಾ ಕುಡಿಯಲಿಲ್ಲ. ಯಾರಾದರೂ ಘಟ್ಟದ ಊರುಗಳ ಹೆಸರು ಎತ್ತಿದರೆ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಅಪ್ಪ ಎಷ್ಟು ಹೇಳಿದರೂ, "ನನ್ನ ಕೈಯಿಂದ ಹಾಳಾತು" ಎಂಬ ಮಾತನ್ನು ಅವಳು ಬಿಡಲಿಲ್ಲ. ಅಪ್ಪ ಗೆದ್ದ ಎಲ್ಲದರ ನಡುವೆ ಅವನು ಸೋತದ್ದು ಇದೊಂದರಲ್ಲೇ.

ಆ ಮ್ಯಾನೇಜರ್ ಹುಡುಗಿ ಹೇಳಿದ ದಿನವೇ ಬಂದಳು. ಹುಡುಗಿ ಅಂದರೂ ಮೂವತ್ತೈದು ದಾಟಿರಬೇಕು. ಬಿಳಿ ಕಾರು, ಇಸ್ತ್ರಿ ಮಾಡಿದ ಕುರ್ತಾ. ಹೆಸರಿನ ಮೊದಲರ್ಧ ಮಾತ್ರ ಹೇಳಿದಳು. ಕೋಣೆಗಳನ್ನು ನೋಡಿದಳು, ಗಾಳಿಯನ್ನು ಹೊಗಳಿದಳು, ಮನೆಗೆ ಇಡಬೇಕಾದ ಇಂಗ್ಲಿಷ್ ಹೆಸರನ್ನೂ ತಂದಿದ್ದಳು. ಕೊನೆಗೆ ಬೋರ್ಡಿಗೇ ಬಂದಳು.

"ಇದರ ಅರ್ಥ ಏನಂತ ನಂಗೊತ್ತು ಮ್ಯಾಮ್," ಎಂದಳು ತಗ್ಗಿದ ದನಿಯಲ್ಲಿ. "ಆದ್ರೆ ಯಾಕೆ ಹಳೇದನ್ನ ಕೆದಕ್ಬೇಕು? ಈಗ ಯಾರು ಅದನ್ನೆಲ್ಲ ನೋಡ್ತಾರೆ?"

"ಯಾರೂ ನೋಡಲ್ಲ ಅಂದ್ರೆ ಇದ್ದರೇನು ಕಷ್ಟ?"

"ಜನ ಇದನ್ನ ಒಂದು ಕಮ್ಯುನಿಟಿ ಜಾಗ ಅಂದ್ಕೋತಾರೆ. ಬರಲ್ಲ."

"ಹಂಗೆ ಅಂದ್ಕೊಂಡು ಬರದೇ ಇರೋರು ಅದನ್ನ ನೋಡೋರೇ ಆದ್ರಲ್ಲಮ್ಮ," ಎಂದೆ. ಶಾಲೆಯಲ್ಲಿ ಮಕ್ಕಳ ತಪ್ಪು ಹಿಡಿಯುತ್ತಿದ್ದ ದನಿ ತಾನಾಗಿ ಬಂದುಬಿಟ್ಟಿತು. ಅವಳು ಮೊಬೈಲನ್ನು ಕೈಯಲ್ಲಿ ತಿರುಗಿಸಿದಳು. ಬೋರ್ಡು ತೆಗೆಯದಿದ್ದರೆ ಪಟ್ಟಿಗೆ ಸೇರಿಸುವುದು ಕಷ್ಟ ಎಂದು ಖಡಾಖಂಡಿತವಾಗಿಯೇ ಹೇಳಿದಳು. ಹಾಗಾದರೆ ಹೋಗಿ ಬನ್ನಿ ಎಂದು ನಾನು ಎದ್ದೇಬಿಟ್ಟಿದ್ದೆ. ಅಷ್ಟರಲ್ಲಿ ಅವ್ವ ಚಹಾ ತಂದಳು. ಚಹಾ ಕೊಟ್ಟ ಮೇಲೆ ಎಬ್ಬಿಸಿ ಕಳಿಸಲು ಬರುತ್ತದೆಯೇ? ಕೂತೆವು.

ಅರ್ಧ ಲೋಟ ಕುಡಿಯುವಷ್ಟರಲ್ಲಿ ಅವಳಿಗೆ ಫೋನು ಬಂತು. ಕಚೇರಿಯದೇ ಇರಬೇಕು, ಪಟಪಟ ಇಂಗ್ಲಿಷು. ಮಾತಾಡುತ್ತಲೇ ಚಹಾ ಮುಗಿಸಿದಳು. ಮಾತಾಡುತ್ತಲೇ ಎದ್ದಳು. ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು ಅಂಗಳದ ನಲ್ಲಿಗೆ ನಡೆದಳು. ಲೋಟವನ್ನು ಜಾಲಿಸಿದಳು. ಒಂದು ಸಲ, ಎರಡು ಸಲ, ಮೂರು ಸಲ. ನಲ್ಲಿಯ ಪಕ್ಕದಲ್ಲೇ ನಮ್ಮ ಪಾತ್ರೆಗಳ ಬುಟ್ಟಿಯಿತ್ತು. ಅದನ್ನು ದಾಟಿ ನಾಲ್ಕು ಹೆಜ್ಜೆ ಹೋಗಿ, ಹೊರಗಿನ ಗೋಡೆಕಟ್ಟೆಯ ಮೇಲೆ ಲೋಟವನ್ನು ಬೋರಲು ಹಾಕಿದಳು. ಕುರ್ತಾಕ್ಕೆ ಕೈ ಒರೆಸಿಕೊಂಡಳು.

ಸಭ್ಯತೆಗೆ ಲೋಟ ತೊಳೆಯುವವರು ಅದನ್ನು ಬುಟ್ಟಿಗೆ ಹಾಕುತ್ತಾರೆ. ನಾಲ್ಕು ಹೆಜ್ಜೆ ದೂರ ಹೋಗುವುದಿಲ್ಲ.

ಫೋನು ಮುಗಿದು ತಿರುಗಿದಾಗ ಬೋರ್ಡು ಅವಳ ಕಣ್ಣಿನ ಎದುರಿಗಿತ್ತು. ಓದಿದಳು. ಕಟ್ಟೆಯ ಮೇಲಿನ ಲೋಟ ನೋಡಿದಳು. ಆಮೇಲೆ ನಮ್ಮಿಬ್ಬರ ಮುಖ ನೋಡಿದಳು, ಮತ್ತೆ ನೆಲ ನೋಡಿದಳು. ಅವಳ ಕಿವಿಯವರೆಗೂ ಕೆಂಪೇರಿತು. ಅದೇ ಕೆಂಪನ್ನು ನಾನು ಒಂಬತ್ತು ವರ್ಷದವಳಿದ್ದಾಗ ಬಸ್ಸಿನಲ್ಲಿ ಅವ್ವನ ಮುಖದಲ್ಲಿ ಕಂಡಿದ್ದೆ. ನಾನು ಗೆದ್ದೆ ಎಂದು ಕುಣಿಯಬೇಕಿತ್ತು. ನನಗೆ ಅಳು ಬಂತು.

ಅವ್ವ ಹತ್ತಿರ ಹೋದಳು.

"ಯಾರು ಕಲ್ಸಿದ್ರವ್ವ?" ಎಂದು ಕೇಳಿದಳು.

"ನಮ್ಮಜ್ಜಿ," ಎಂದಳು. ಕಂಪನಿಯ ಕನ್ನಡ ಎಲ್ಲೋ ಹೋಗಿತ್ತು. "ಕೆಲ್ಸದ ಮನೆಗೆ ಕರ್ಕಂಡು ಹೋಗ್ತಿತ್ತು ನನ್ನ. ಐದಾರು ವರ್ಷ ಇರ್ಬೇಕು ನಂಗೆ. ಆಮೇಲೆ ನಾ ಯಾವತ್ತೂ… ಎಷ್ಟು ಹೋಟ್ಲಿಗೆ ಹೋಗೀನಿ, ಯಾವತ್ತೂ ಹಿಂಗ್ ಮಾಡಿಲ್ಲಮ್ಮ. ಇಲ್ಲಿ ಯಾಕೆ ಮಾಡ್ದೆ ಗೊತ್ತಾಗ್ಲಿಲ್ಲ."

"ಮನೆ ಅನ್ಸಿರ್ಬೇಕು ನಿಂಗೆ, ಮೈ ಮರೆತೆ," ಎಂದಳು ಅವ್ವ. ಅವಳ ಒದ್ದೆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಕೈಗೇನು ಗೊತ್ತಾಗತ್ತೆ ಮಗಾ? ಕಲ್ಸಿದ್ದು ಮಾಡ್ತೈತೆ. ಅದು ಕೈ ತಪ್ಪಲ್ಲ, ಕಲಿಯಂಗೆ ಮಾಡಿದೋರ ತಪ್ಪು." ತನ್ನ ಬಾಯಿಂದ ಬಂದ ಮಾತನ್ನು ತಾನೇ ಮತ್ತೊಮ್ಮೆ ಕೇಳಿಸಿಕೊಂಡಂತಿತ್ತು. ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡಳು. "ನನ್ನ ಕೈಗೂ ಗೊತ್ತಾಗಿರ್ಲಿಲ್ಲ," ಎಂದಳು.

ಕಟ್ಟೆಯ ಮೇಲಿನ ಲೋಟವನ್ನು ಅವ್ವನೇ ಒಳಗೆ ತಂದಳು. ಅದಕ್ಕೇ ಚಹಾ ಬಗ್ಗಿಸಿದಳು, ಇನ್ನೊಂದು ಲೋಟಕ್ಕೂ ಬಗ್ಗಿಸಿದಳು. ಆ ಹುಡುಗಿಯನ್ನು ಆರಾಮ ಕುರ್ಚಿಯಲ್ಲಿ ಕೂರಿಸಿ, ತಾನು ಪಕ್ಕದ ಕುರ್ಚಿಯಲ್ಲಿ ಕೂತಳು. ಬಟ್ಟೆ ಕೆಳಗೆ ಜಗ್ಗಿ, ಅವ್ವ ಹಿಂದಕ್ಕೆ ಒರಗಲೇಬೇಕಾಯಿತು. "ಅಯ್ಯೋ, ಇದೇನ್ ಹಿಂಗ್ ಬೀಳ್ಸ್ತೈತೆ!" ಎಂದು ಕೂಗಿ ನಕ್ಕಳು. ಎಪ್ಪತ್ತು ದಾಟಿದ ಅವ್ವ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಇಬ್ಬರೂ ಬಹಳ ಹೊತ್ತು ಕೂತರು. ಚಹಾ ಕುಡಿದರು. ಅಜ್ಜಿಯ ಊರು ಯಾವುದು, ಸೊರಬದ ಕಡೆ ಯಾರಿದ್ದಾರೆ, ಮಕ್ಕಳೆಷ್ಟು ಎಂದೆಲ್ಲ ಮಾತಾಯಿತು. ಬೋರ್ಡಿನ ಮಾತು ಬರಲಿಲ್ಲ.

ಹೊರಡುವಾಗ ಹುಡುಗಿ ಖಾಲಿ ಲೋಟವನ್ನು ಹಿಡಿದು ಅನುಮಾನಿಸಿದಳು. ಅವ್ವ ತನ್ನ ಲೋಟವನ್ನು ಕುರ್ಚಿಯ ಪಕ್ಕ ನೆಲದ ಮೇಲೆ, ಬಾಯಿ ಮೇಲಾಗಿ, ತಳದಲ್ಲಿ ಚಹಾದ ಗಸಿ ಇರುವಂತೆಯೇ ಇಟ್ಟಳು. "ಹಿಂಗೆ ಇಟ್ಟು ಎದ್ದು ಹೋಗ್ಬೇಕು. ನೋಡ್ಕ," ಎಂದಳು. ಮೊಣಕಾಲು ಹಿಡಿದುಕೊಂಡು ಎದ್ದು, ತಿರುಗಿ ನೋಡದೆ ಕಾರಿನವರೆಗೂ ನಡೆದಳು. ಹುಡುಗಿಯೂ ತನ್ನ ಲೋಟವನ್ನು ಅದರ ಪಕ್ಕದಲ್ಲಿ ಇಟ್ಟು ಹಿಂದೆ ಹೋದಳು. ಕಾರು ಹತ್ತುವ ಮುಂಚೆ ವಾಪಸು ಬಂದು ಬೋರ್ಡಿನ ಫೋಟೊ ತೆಗೆದುಕೊಂಡಳು. "ಇದನ್ನೇ ಮೊದಲನೇ ಫೋಟೊ ಹಾಕ್ತೀನಕ್ಕ. ಆಫೀಸಲ್ಲಿ ಒಪ್ಪದಿದ್ರೆ ಜಗಳ ಆಡ್ತೀನಿ," ಎಂದಳು. ಮ್ಯಾಮ್ ಹೋಗಿ ಅಕ್ಕ ಆಗಿತ್ತು. ಒಪ್ಪುತ್ತಾರೋ ಇಲ್ಲವೋ, ಅದು ಅವರ ಆಫೀಸಿನ ಪಾಡು.

ಆ ಎರಡು ಲೋಟಗಳನ್ನು ನಾನು ತೊಳೆದೆ.

ಮರುದಿನ ಶಿರಾಳಕೊಪ್ಪಕ್ಕೆ ಹೋಗಿ ಕಪ್ಪು ಬಣ್ಣ, ಕುಂಚ ತಂದೆ. ಅಪ್ಪನ ಅಕ್ಷರಗಳು ಬಿಸಿಲಿಗೆ ಮಾಸಿದ್ದವು. ಗೆರೆಯ ಮೇಲೇ ಗೆರೆ ಎಳೆಯುತ್ತಾ ಬಂದೆ. ಅವ್ವ ಜಗಲಿಯಲ್ಲಿ ಆರಾಮ ಕುರ್ಚಿಗೆ ಒರಗಿಕೊಂಡು, ಚಹಾ ಕುಡಿಯುತ್ತಾ ನೋಡುತ್ತಿದ್ದಳು.

"ಇನ್ನೊಂಚೂರು ದಪ್ಪ ಮಾಡೇ," ಎಂದಳು. "ಕನ್ನಡಕ ಇಲ್ದೋರಿಗೂ ಕಾಣ್ಲಿ."